ಮೇಲೆ ಜರ್ಕಿನ್, ಒಳಗೆ ನಡುಕ

ದೀಪಾವಳಿ ಕಳೆದು ಒಂದು ತಿಂಗಳಾಗುವಷ್ಟರಲ್ಲಿ ಈ ಅಂಕಣಕ್ಕೆ ಬರುವ ಕಾಗದಗಳ ಧಾಟಿಯೇ ಬದಲಾಗುತ್ತದೆ. ಹೊಟ್ಟೆನೋವು, ಡೆಂಗಿ ಹಿಂದೆ ಸರಿದು ತುರಿಕೆ, ಒಡೆದ ತುಟಿ, ಜೋಮು ಮುಂದೆ ಬರುತ್ತವೆ. ಈ ಸಲ ಬರೆದವರಲ್ಲಿ ಹಾಸ್ಟೆಲ್, ಪಿ.ಜಿ.ಗಳಲ್ಲಿರುವ ವಿದ್ಯಾರ್ಥಿಗಳೇ ಹೆಚ್ಚು. ಕಾಗದ ಓದುತ್ತಾ ಹೋದರೆ ಅರ್ಧ ಕಾಯಿಲೆ ಅವರು ತೊಟ್ಟ ಬಟ್ಟೆಯಲ್ಲೇ ಇದೆ.

*ಪ್ರಶ್ನೆ: ಮೈಸೂರಿನವನು, ಎಂ.ಎ. ಓದಲು ದೆಹಲಿಗೆ ಬಂದಿದ್ದೇನೆ. ಮೊದಲ ಚಳಿಗಾಲ. ದುಡ್ಡು ಸುರಿದು ದಪ್ಪನೆಯ ಜರ್ಕಿನ್ ಕೊಂಡೆ. ಒಳಗೆ ಬರೀ ಟೀ ಶರ್ಟ್. ಮೆಟ್ರೋವರೆಗೆ ನಡೆದರೆ ಬೆವರು, ಕ್ಲಾಸಿನಲ್ಲಿ ಕೂತರೆ ನಡುಕ. ಕ್ಯಾನ್ವಾಸ್ ಶೂ ಒಳಗೆ ಎರಡು ಜೊತೆ ಸಾಕ್ಸ್ ಹಾಕುತ್ತೇನೆ. ಆದರೂ ಕಾಲ್ಬೆರಳು ಕೆಂಪಾಗಿ ಊದಿ, ರಾತ್ರಿ ತಡೆಯಲಾರದ ತುರಿಕೆ. ಹೀಟರ್ ಮುಂದೆ ಕಾಲು ಚಾಚಿದರೆ ಇನ್ನೂ ಜೋರಾಗುತ್ತದೆ.*

ಉತ್ತರ: ಮೊದಲು ಆ ಹೀಟರ್ ಮುಂದಿನಿಂದ ಕಾಲು ತೆಗೆಯಿರಿ. ನಿಮಗಾಗಿರುವುದಕ್ಕೆ ಚಿಲ್‌ಬ್ಲೇನ್ ಎನ್ನುತ್ತಾರೆ. ಚಳಿಗೆ ಬೆರಳಿನ ಸಣ್ಣ ರಕ್ತನಾಳಗಳು ಮುದುಡಿಕೊಂಡಿರುತ್ತವೆ. ಒಮ್ಮೆಲೇ ಕಾಯಿಸಿದರೆ ರಕ್ತ ನುಗ್ಗಿ, ನಾಳದ ನೀರಿನಂಶ ಸುತ್ತಲಿನ ಚರ್ಮಕ್ಕೆ ಜಿನುಗುತ್ತದೆ. ಊತ, ತುರಿಕೆ ಬರುವುದು ಅದರಿಂದಲೇ. ನಿಮ್ಮ ಎರಡು ಜೊತೆ ಸಾಕ್ಸ್ ಬೆರಳುಗಳನ್ನು ಶೂ ಒಳಗೆ ಅಮುಕಿ, ಬರುವ ರಕ್ತವನ್ನೂ ತಡೆದಿದೆ. ಒಂದೇ ಜೊತೆ ಉಣ್ಣೆಯ ಸಾಕ್ಸ್ ಸಾಕು, ಶೂ ಒಳಗೆ ಬೆರಳು ಆಡಿಸುವಷ್ಟು ಜಾಗ ಇರಲಿ. ಪಾದ ಒದ್ದೆಯಾದರೆ ಕೂಡಲೇ ಸಾಕ್ಸ್ ಬದಲಿಸಿ. ಸಿಗರೇಟು ಸೇದುವವರಾದರೆ ಅದೂ ನಾಳಗಳನ್ನು ಮುದುಡಿಸುತ್ತದೆ. ಹೀಗೆ ನೋಡಿಕೊಂಡರೆ ಎರಡು ಮೂರು ವಾರದಲ್ಲಿ ಇಳಿಯುತ್ತದೆ. ಗುಳ್ಳೆ ಒಡೆದರೆ, ಕೀವಾದರೆ, ಬೆರಳು ಕಪ್ಪಿಟ್ಟರೆ ಕಾಯಬೇಡಿ, ವೈದ್ಯರಿಗೆ ತೋರಿಸಿ.

ಇನ್ನು ಜರ್ಕಿನ್. ನಮ್ಮ ಕಡೆ ಬೆಂಗಳೂರಿನ ದಾಖಲೆಯ ಚಳಿಯೇ 7.8 ಡಿಗ್ರಿ, ಅದೂ 1884ರ ಜನವರಿ 13ರಂದು. ದೆಹಲಿಯ ಜನವರಿಯಲ್ಲಿ ಅದಕ್ಕಿಂತ ತಣ್ಣಗಿನ ಬೆಳಗುಗಳು ಸಾಲುಸಾಲಾಗಿ ಬರುತ್ತವೆ. ಹಾಗಾಗಿ ಊರಿನ ಲೆಕ್ಕದಲ್ಲಿ ಬಟ್ಟೆ ತೊಟ್ಟರೆ ಅಲ್ಲಿ ನಡೆಯದು. ಜರ್ಕಿನ್ ಆಗಲಿ ಕಂಬಳಿಯಾಗಲಿ ತಾನಾಗಿ ಶಾಖ ಕೊಡುವುದಿಲ್ಲ, ನಮ್ಮ ಮೈಯ ಶಾಖ ಹೊರಹೋಗದಂತೆ ತಡೆಯುತ್ತದೆ. ಉಣ್ಣೆಯ ಎಳೆಗಳ ನಡುವೆ ಸಿಕ್ಕಿಬಿದ್ದ ಗಾಳಿಯ ಕೆಲಸ ಅದು. ಬಟ್ಟೆ ಒದ್ದೆಯಾದರೆ ಗಾಳಿಯ ಜಾಗಕ್ಕೆ ನೀರು ಬರುತ್ತದೆ, ನೀರು ಶಾಖವನ್ನು ಎಳೆದುಕೊಂಡು ಹೋಗುತ್ತದೆ. ನಡೆದು ಬಂದಾಗ ನಿಮ್ಮ ಹತ್ತಿಯ ಟೀ ಶರ್ಟ್ ಬೆವರು ಕುಡಿದು ಕೂರುತ್ತದೆ. ಆಮೇಲೆ ಕ್ಲಾಸಿನಲ್ಲಿ ನಡುಗುವಿರಿ.

ಆದ್ದರಿಂದ ಒಂದು ದಪ್ಪದ ಬದಲು ಮೂರು ತೆಳು. ಮೈಗೆ ತಾಗುವಂತೆ ಬೆವರು ಹೀರಿ ಬೇಗ ಒಣಗುವ ಥರ್ಮಲ್, ಅದರ ಮೇಲೆ ಸ್ವೆಟರ್ ಅಥವಾ ಫ್ಲೀಸ್, ಹೊರಗೆ ಗಾಳಿ ತಡೆಯುವ ತೆಳು ಜರ್ಕಿನ್. ನಡೆಯುವಾಗ ಬೆವರು ಬರುವ ಮುಂಚೆಯೇ ಜಿಪ್ ಇಳಿಸಿ. ಚೆಂದ ಕಾಣುವ ಚಿಂತೆಯೂ ಇದರಲ್ಲೇ ತೀರುತ್ತದೆ. ಥರ್ಮಲ್ ಯಾರಿಗೂ ಕಾಣುವುದಿಲ್ಲ, ಮೇಲಿನ ಸ್ವೆಟರ್ ನಿಮ್ಮಿಷ್ಟದ್ದು. ಹಾಸಿಗೆ ಸುತ್ತಿಕೊಂಡವರ ಹಾಗೆ ಕಾಣುವುದು ಒಂದೇ ದಪ್ಪ ಜರ್ಕಿನ್ ನಂಬಿದವರು.

ಇದನ್ನೆಲ್ಲ ದೆಹಲಿಯ ಸರೋಜಿನಿ ನಗರದ ಮಾರುಕಟ್ಟೆಯಲ್ಲಿ ಕೊಳ್ಳುವುದಾದರೆ ಕೊಳ್ಳಿ, ನಾನೂ ಕೊಂಡಿದ್ದೇನೆ. ಆದರೆ ಯಾರೋ ತೊಟ್ಟು ಬಿಟ್ಟ ಬಟ್ಟೆಯಾದರೆ ಬಿಸಿನೀರಿನಲ್ಲಿ ಒಗೆಯಿರಿ. ಒಗೆಯಲಾಗದ್ದನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಒಂದು ವಾರ ಮೂಲೆಗಿಡಿ. ಕಜ್ಜಿಯ ಹುಳ ಮನುಷ್ಯನ ಮೈಬಿಟ್ಟು ಸಾಮಾನ್ಯವಾಗಿ ಎರಡು ಮೂರು ದಿನಕ್ಕಿಂತ ಹೆಚ್ಚು ಬದುಕದು. ಮತ್ತೊಂದು ಮಾತು: ಬಾಗಿಲು ಕಿಟಕಿ ಮುಚ್ಚಿದ ರೂಮಿನಲ್ಲಿ ಇದ್ದಿಲಿನ ಅಗ್ಗಿಷ್ಟಿಕೆ ಇಟ್ಟು ಎಂದೂ ಮಲಗಬೇಡಿ. ಅದರ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯೇ ಇಲ್ಲ, ಮಲಗಿದವರು ಏಳುವುದಿಲ್ಲ.

*ಪ್ರಶ್ನೆ: ಧಾರವಾಡದಲ್ಲಿ ಬಿ.ಎಸ್ಸಿ. ವಿದ್ಯಾರ್ಥಿನಿ. ಅಜ್ಜಿ ಕೈಯಾರೆ ಹೆಣೆದ ಉಲ್ಲನ್ ಸ್ವೆಟರ್ ಟ್ರಂಕಿನಿಂದ ತೆಗೆದು ಹಾಕಿಕೊಂಡರೆ ಕುತ್ತಿಗೆ, ಮೊಣಕೈ ತುರಿಸುತ್ತದೆ. ಉಣ್ಣೆ ನನಗೆ ಆಗಿಬರುವುದಿಲ್ಲವೇ?*

ಉತ್ತರ: ಅಜ್ಜಿಯ ಸ್ವೆಟರ್ ಬಿಡಬೇಡಿ. ಉಣ್ಣೆಗೆ ನಿಜವಾದ ಅಲರ್ಜಿ ಅಪರೂಪ. 30 ಮೈಕ್ರಾನ್‌ಗಿಂತ ದಪ್ಪದ ಎಳೆ ಚರ್ಮಕ್ಕೆ ಚುಚ್ಚುತ್ತದೆ, ಅಷ್ಟೇ. ಒಳಗೆ ಕಾಲರ್ ಇರುವ ತುಂಬುತೋಳಿನ ಹತ್ತಿಯ ಬಟ್ಟೆ ಹಾಕಿ. ಧಾರವಾಡದ ಚಳಿಗೆ ಹತ್ತಿ ಸಾಕು, ಮೇಲೆ ದೆಹಲಿಯವರಿಗೆ ಹೇಳಿದ್ದು ನಿಮಗೆ ಬೇಡ. ಟ್ರಂಕಿನಲ್ಲಿ ಡಾಂಬರು ಗುಳಿಗೆ ಇತ್ತೆ? ಹಾಗಾದರೆ ಒಗೆದು, ಎರಡು ದಿನ ಗಾಳಿಗೆ ಹರವಿದ ಮೇಲೆಯೇ ತೊಡಿ.

ನಿಜವಾದ ತಂಟೆ ಬಹುಶಃ ಬಚ್ಚಲುಮನೆಯಲ್ಲಿದೆ. ಚಳಿ ಅಂತ ಹೊಗೆಯಾಡುವ ನೀರು ಹೊಯ್ದುಕೊಂಡು, ಸೋಪು ತಿಕ್ಕಿ, ಚರ್ಮದ ಜಿಡ್ಡನ್ನೆಲ್ಲ ತೊಳೆದುಬಿಡುತ್ತೀರಿ. ಒಣಗಿದ ಚರ್ಮಕ್ಕೆ ಯಾವ ಬಟ್ಟೆಯೂ ಮುಳ್ಳೇ. ಉಗುರುಬೆಚ್ಚಗಿನ ನೀರು, ಹತ್ತು ನಿಮಿಷದೊಳಗೆ ಸ್ನಾನ, ಮೈ ಇನ್ನೂ ಹಸಿಯಾಗಿರುವಾಗಲೇ ಕೊಬ್ಬರಿ ಎಣ್ಣೆ ಅಥವಾ ವ್ಯಾಸಲೀನ್. ಒಂದು ವಾರ ಹೀಗೆ ಮಾಡಿಯೂ ತುರಿಕೆ ನಿಲ್ಲದಿದ್ದರೆ ತೋರಿಸಿ.

*ಪ್ರಶ್ನೆ: ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದುತ್ತೇನೆ. ಚಳಿಗೆ ಎಂದು ಬಿಗಿ ಜೀನ್ಸ್ ಒಳಗೆ ಲೆಗ್ಗಿಂಗ್ಸ್ ಹಾಕುತ್ತೇನೆ. ತೊಡೆಯ ಹೊರಭಾಗ ಜೋಮು ಹಿಡಿದು ಚುರುಚುರು ಎನ್ನುತ್ತದೆ. ತೊಡೆಸಂದಿಯಲ್ಲಿ ಉಂಗುರದಂಥ ಕಲೆ, ತುರಿಕೆ. ಮೆಡಿಕಲ್ ಶಾಪಿನವರು ಕೊಟ್ಟ ಮುಲಾಮು ಹಚ್ಚಿದರೆ ಕಡಿಮೆಯಾಗಿ ಮತ್ತೆ ಹಬ್ಬುತ್ತದೆ.*

ಉತ್ತರ: ಒಂದೇ ಜೀನ್ಸ್, ಎರಡು ಕಾಯಿಲೆ. ಸೊಂಟದ ಮೂಳೆಯ ಪಕ್ಕದಲ್ಲಿ ತೊಡೆಯ ಹೊರಚರ್ಮಕ್ಕೆ ಹೋಗುವ ನರವೊಂದು ಇಳಿಯುತ್ತದೆ. ಬಿಗಿ ಸೊಂಟಪಟ್ಟಿ, ಬೆಲ್ಟು ಅದನ್ನು ಅಮುಕಿದರೆ ಹೀಗೆ ಜೋಮು. ಸಡಿಲ ಪ್ಯಾಂಟಿಗೆ ಬದಲಾದರೆ ಸಾಮಾನ್ಯವಾಗಿ ಹೋಗುತ್ತದೆ. ಕಾಲಿನ ಬಲವೇ ಕಡಿಮೆಯಾದರೆ, ಬೆನ್ನುನೋವು ಇದ್ದರೆ ಬೇರೆ ಕಾರಣ ಹುಡುಕಬೇಕು.

ಉಂಗುರದ ಕಲೆ ನೋಡಿದರೆ ಗಜಕರ್ಣ ಎನಿಸುತ್ತದೆ, ಬೂಷ್ಟಿನ ಸೋಂಕು. ಡಿಸೆಂಬರಿನ ಮೋಡದಲ್ಲಿ ಜೀನ್ಸ್ ಎರಡು ದಿನವಾದರೂ ಒಣಗುವುದಿಲ್ಲ. ಹಗ್ಗದ ಮೇಲಿದ್ದದ್ದನ್ನು ಮುಟ್ಟಿ ನೋಡಿ, ಕಾಲು ಒಣಗಿರುತ್ತದೆ, ಸೊಂಟಪಟ್ಟಿ, ಜೇಬು ಹಸಿ. ಹಾಸ್ಟೆಲಿನಲ್ಲಿದ್ದಾಗ ನಾನು ಅದನ್ನೇ ಏರಿಸಿಕೊಂಡು ಲ್ಯಾಬಿಗೆ ಹೋದವನು, ಫಲವನ್ನೂ ತುರಿಸಿಕೊಂಡವನು. ಜೀನ್ಸನ್ನು ಒಳಮೈ ಹೊರಗೆ ಮಾಡಿ ಬಿಸಿಲಿಗೆ ಹಾಕಿ, ಪೂರ್ತಿ ಒಣಗದೆ ತೊಡಬೇಡಿ. ಟವೆಲ್ ಹಂಚಿಕೊಳ್ಳಬೇಡಿ. ಆ ಮುಲಾಮಿನಲ್ಲಿ ಸ್ಟೀರಾಯ್ಡ್ ಬೆರೆತಿದ್ದರೆ ತುರಿಕೆ ಅಡಗುತ್ತದೆ, ಬೂಷ್ಟು ಮಾತ್ರ ಒಳಗೊಳಗೇ ಹಬ್ಬುತ್ತದೆ. ಟ್ಯೂಬಿನ ಸಮೇತ ಚರ್ಮರೋಗ ವೈದ್ಯರ ಬಳಿ ಹೋಗಿ. ಅವರು ಕೊಟ್ಟ ಔಷಧಿಯನ್ನು ಕಲೆ ಮಾಯವಾಯಿತೆಂದು ನೀವಾಗಿ ನಿಲ್ಲಿಸಬೇಡಿ.

*ಪ್ರಶ್ನೆ: ಬೀದರ್. ಬೆಳಿಗ್ಗೆ ಆರಕ್ಕೆ ಸ್ಕೂಟಿಯಲ್ಲಿ ಟ್ಯೂಷನ್‌ಗೆ ಹೋಗುತ್ತೇನೆ. ಥಂಡಿ ಕಿವಿಯಿಂದ ಒಳಗೆ ಹೋಗಿ ನೆಗಡಿಯಾಗುತ್ತದೆ ಎಂದು ಅಮ್ಮ ಮಂಕಿ ಕ್ಯಾಪ್ ತೊಡಿಸುತ್ತಾರೆ. ಗೆಳತಿಯರು ನಗುತ್ತಾರೆ. ನನಗೆ ಆಗಾಗ ದಮ್ಮು ಬರುವುದುಂಟು.*

ಉತ್ತರ: ನೆಗಡಿ ತರುವುದು ವೈರಸ್, ಕಿವಿಯ ತೂತಿಗೂ ಅದಕ್ಕೂ ಸಂಬಂಧವಿಲ್ಲ. ಆದರೆ ದಮ್ಮು ಇರುವುದರಿಂದ ನಿಮ್ಮ ಅಮ್ಮ ಅರ್ಧ ಸರಿ. ತಣ್ಣನೆಯ ಒಣಗಾಳಿ ನೇರ ಎಳೆದುಕೊಂಡರೆ ಶ್ವಾಸನಾಳ ಬಿಗಿಯುತ್ತದೆ. ಮೂಗು ಬಾಯಿ ಮುಚ್ಚುವಂತೆ ಹತ್ತಿಯ ಸ್ಟೋಲ್ ಸುತ್ತಿಕೊಳ್ಳಿ, ಮೂಗಿನಿಂದಲೇ ಉಸಿರಾಡಿ, ಇನ್‌ಹೇಲರ್ ಬರೆದುಕೊಟ್ಟಿದ್ದರೆ ಬ್ಯಾಗಿನಲ್ಲಿರಲಿ. ಸ್ಟೋಲಿನ ತುದಿಗಳನ್ನು ಜರ್ಕಿನ್ ಒಳಗೆ ಸೇರಿಸಿ, ಚಕ್ರಕ್ಕೆ ಸಿಕ್ಕೀತು. ಮಂಕಿ ಕ್ಯಾಪ್ ಬೇಡ ಎನ್ನುವುದಕ್ಕೆ ನನ್ನ ಕಾರಣ ಬೇರೆ: ದಪ್ಪ ಉಣ್ಣೆಯ ಮೇಲೆ ಹೆಲ್ಮೆಟ್ ಸರಿಯಾಗಿ ಕೂರುವುದಿಲ್ಲ. ಕಿವಿ ಮುಚ್ಚುವ ಫುಲ್ ಹೆಲ್ಮೆಟ್ ಕೊಡಿಸಲು ಹೇಳಿ, ಅಮ್ಮನೂ ಒಪ್ಪುತ್ತಾರೆ.