ಬೆಳಗಾಗುವಷ್ಟರಲ್ಲಿ ಕುಸಿಯುವ ಕ್ಯಾರವಾನ್

ಹೆಬ್ರಿಯ ಅಂಗಳದಲ್ಲಿ ರಾತ್ರಿ ನೆಟ್ಟಗೆ ನಿಂತ ಗಾಡಿ ಬೆಳಿಗ್ಗೆ ಎಡಕ್ಕೆ ವಾಲಿರುತ್ತದೆ ಎಂದಿದ್ದೀರಿ. ಒಂದೇ ಬದಿ ಇಳಿಯುವುದರಿಂದ ನನ್ನ ಮೊದಲ ಅನುಮಾನ ಆ ಬದಿಯ ಏರ್ ಸಸ್ಪೆನ್ಷನ್ನಿನ ಬ್ಯಾಗ್, ಪೈಪು ಅಥವಾ ಲೆವೆಲಿಂಗ್ ವಾಲ್ವಿನ ಮೇಲೆ.

ಗಾಳಿ ಪೂರ್ತಿ ತುಂಬಿಸಿ, ಸೋಪಿನ ನೀರು ಸಿಂಪಡಿಸಿ. ಶೆಡ್ಡಿನೊಳಗೇ ಮಾಡಿ, ನಮ್ಮ ಆಷಾಢದ ಮಳೆಯಲ್ಲಿ ಗುಳ್ಳೆ ಹುಡುಕುವುದು ವ್ಯರ್ಥ. ಪೈಪಿನ ಜೋಡಣೆಗಳನ್ನು ನೋಡಿ, ಬಳಿಕ ಬ್ಯಾಗಿನ ಕೆಳಮಡಿಕೆಯನ್ನು. ಮಲ್ಪೆ, ಕಾಪು ಕಡಲತೀರದಲ್ಲಿ ತಂಗುತ್ತಿದ್ದರೆ ಉಪ್ಪುಗಾಳಿಗೆ ತುಕ್ಕು ಹಿಡಿದ ಲೋಹದ ಫಿಟ್ಟಿಂಗುಗಳನ್ನೂ ಬಿಡಬೇಡಿ. ಆದರೆ ಗಟ್ಟಿ ಸ್ಟ್ಯಾಂಡ್ ಕೊಡದೆ ಕೆಳಗೆ ನುಸುಳಲೇಬೇಡಿ: ಗಾಳಿ ಹೋದರೆ ಚಾಸಿಸ್ ಕ್ಷಣದಲ್ಲಿ ಕೆಳಗಿಳಿಯುತ್ತದೆ. ಜಾಕ್ ಒಂದನ್ನೇ ನಂಬುವುದೂ ಸಲ್ಲ.

ಫಿಟ್ಟಿಂಗ್ ಸೋರಿದರೆ ಖರ್ಚು ಅಲ್ಪ. ರಬ್ಬರ್ ಬಿರಿದಿದ್ದರೆ ಪ್ಯಾಚ್ ಹಾಕಿಸಬೇಡಿ, ಎರಡೂ ಬದಿಯ ಬ್ಯಾಗ್ ಬದಲಿಸಿ. ಜೊತೆಗಾರನ ವಯಸ್ಸೂ ಅಷ್ಟೇ ತಾನೇ. ಸೋರಿಕೆ ಹಾಗೇ ಬಿಟ್ಟರೆ ಕಂಪ್ರೆಸರ್ ಬಿಡುವಿಲ್ಲದೆ ಓಡಿ ಸುಟ್ಟುಹೋಗುತ್ತದೆ, ಅದು ದುಬಾರಿ. ಗಾಳಿ ಟ್ಯಾಂಕಿನಲ್ಲಿ ನಿಂತ ನೀರನ್ನೂ ಆಗಾಗ ಹೊರಬಿಡಿ.

ಸದ್ಯ ಆಗುಂಬೆ ಘಾಟಿ ಹತ್ತುವ ಆಸೆ ಬೇಡ. ವಾಲಿದ ಗಾಡಿಯ ಟೈರು ಆ ಹೇರ್‌ಪಿನ್ ತಿರುವುಗಳಲ್ಲಿ ಬಾಡಿಯನ್ನು ಉಜ್ಜಬಹುದು. ಎತ್ತರ ನಿಲ್ಲುತ್ತಿದ್ದರೆ ಪೆರ್ಡೂರು, ಹಿರಿಯಡಕ ದಾರಿಯಾಗಿ ನಿಧಾನಕ್ಕೆ ಮಣಿಪಾಲದ ಕಡೆ ಇಳಿದು, ಏರ್ ಸಸ್ಪೆನ್ಷನ್ ಬಸ್ಸು ರಿಪೇರಿ ಮಾಡುವ ಗ್ಯಾರೇಜಿಗೆ ತೋರಿಸಿ. ನಿಲ್ಲದಿದ್ದರೆ ಟೋ ಗಾಡಿ ಕರೆಸಿ.