ಬೀಗವೂ ಬೀಗದ ಕೈಯೂ

ತುಮಕೂರು ಜಿಲ್ಲೆಯ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳು ಕಲ್ಪವೃಕ್ಷದ ಸೀಮೆಯೆಂದೇ ಹೆಸರಾಗಿವೆ. ಕೆರೆಯ ಕೆಳಗೂ ಬಾವಿಯ ಬದಿಯಲ್ಲೂ ಹಬ್ಬಿರುವ ಇಲ್ಲಿನ ತೆಂಗಿನ ತೋಟಗಳ ವಿಶೇಷ ಫಲವೆಂದರೆ ಉಂಡೆ ಕೊಬ್ಬರಿ. ಬಲಿತ ಕಾಯಿಯನ್ನು ಮಟ್ಟೆಸಹಿತ ಅಟ್ಟಕ್ಕೆ ಏರಿಸಿ, 8ರಿಂದ 12 ತಿಂಗಳವರೆಗೆ ಹಾಗೆಯೇ ಬಿಡುತ್ತಾರೆ. ಒಳಗಿನ ನೀರು ಮೆಲ್ಲಮೆಲ್ಲನೆ ಇಂಗಿ, ತಿರುಳು ಚಿಪ್ಪಿನಿಂದ ಬಿಡಿಸಿಕೊಂಡು ಉಂಡೆಯಾಗುತ್ತದೆ. ಅದು ಸಿದ್ಧವಾಯಿತೋ ಇಲ್ಲವೋ ಎಂದು ತಿಳಿಯಲು ಅನುಭವಿಯಾದ ರೈತನು ಕಾಯಿಯನ್ನು ಒಡೆಯುವುದಿಲ್ಲ. ಕಿವಿಯ ಬಳಿ ಹಿಡಿದು ಅಲುಗಾಡಿಸುತ್ತಾನೆ. ಒಳಗಿನ ಸದ್ದೇ ಅವನಿಗೆ ಉತ್ತರ ಹೇಳುತ್ತದೆ. ಅವಸರಪಟ್ಟು ಒಡೆದವನಿಗೆ ಉಂಡೆಯೂ ಇಲ್ಲ, ಬೆಲೆಯೂ ಇಲ್ಲ.

ಹೀಗೆ ಸಿದ್ಧವಾದ ಕೊಬ್ಬರಿ ತಿಪಟೂರಿನ ಮಾರುಕಟ್ಟೆಯನ್ನು ಸೇರಿ, ಅಲ್ಲಿಂದ ಉತ್ತರ ಭಾರತದ ದೂರದೂರದ ಊರುಗಳಿಗೆ ಹೋಗುತ್ತದೆ. ಸರಕು ಹೊರಗಿನವರನ್ನು ಸೇರಬೇಕಾದರೆ ಲೆಕ್ಕಪತ್ರಗಳೂ ಹೊರಗಿನವರನ್ನು ಸೇರಲೇಬೇಕು. ಕೊಂಡುಕೊಳ್ಳುವ ವರ್ತಕನಿಗೆ ತೂಕ ಮತ್ತು ದರ್ಜೆಯ ಪಟ್ಟಿ ಬೇಕು. ಲೆಕ್ಕ ಪರಿಶೋಧಕನಿಗೆ ಖರೀದಿಯ ಪುಸ್ತಕ ಬೇಕು. ಸಾಲ ಕೊಡುವ ಬ್ಯಾಂಕಿಗೆ ಆಸ್ತಿಯ ವಿವರ ಬೇಕು. ಹಿಂದೆ ಇಂತಹ ಕಾಗದಗಳು ಅಂಚೆಯಲ್ಲಿಯೋ ಲಾರಿಯಲ್ಲಿಯೋ ಹೋಗುತ್ತಿದ್ದವು. ಇಂದು ಅವುಗಳಲ್ಲಿ ಹಲವು ಗಣಕಯಂತ್ರದ ಕಡತಗಳಾಗಿ, ಕ್ಲೌಡ್ ಎಂಬ ವ್ಯವಸ್ಥೆಯ ಮೂಲಕ ಕ್ಷಣಮಾತ್ರದಲ್ಲಿ ಊರು ದಾಟುತ್ತವೆ.

ಕ್ಲೌಡ್ ಎಂದರೆ ಮೋಡ. ದೂರಸಂಪರ್ಕ ಜಾಲದ ನಕ್ಷೆಗಳಲ್ಲಿ, ಒಳವಿವರ ತೋರಿಸಬೇಕಾಗಿಲ್ಲದ ಭಾಗವನ್ನು ಎಂಜಿನಿಯರುಗಳು ಮೋಡದ ಆಕಾರದಲ್ಲಿ ಬರೆಯುತ್ತಿದ್ದರು. ಹೆಸರು ಅಲ್ಲಿಂದ ಬಂದಿತು. ವಾಸ್ತವವಾಗಿ ಕಡತಗಳು ಆಕಾಶದಲ್ಲಿ ತೇಲುವುದಿಲ್ಲ. ದೊಡ್ಡ ದೊಡ್ಡ ಕಟ್ಟಡಗಳಲ್ಲಿ ಹಗಲಿರುಳು ನಡೆಯುವ ಯಂತ್ರಗಳಲ್ಲಿ ಅವು ನೆಲೆಗೊಂಡಿರುತ್ತವೆ. 2008ರಲ್ಲಿ ಡ್ರಾಪ್‌ಬಾಕ್ಸ್, 2012ರಲ್ಲಿ ಗೂಗಲ್ ಡ್ರೈವ್ ಸಾರ್ವಜನಿಕರಿಗೆ ದೊರೆತವು. ಮೈಕ್ರೋಸಾಫ್ಟ್ ಸಂಸ್ಥೆಯು 2007ರಲ್ಲಿ ಆರಂಭಿಸಿದ ಇಂತಹುದೇ ಸೇವೆಯು 2014ರಲ್ಲಿ ಒನ್‌ಡ್ರೈವ್ ಎಂಬ ಹೆಸರನ್ನು ಪಡೆಯಿತು. ಇವುಗಳಲ್ಲಿ ಕಡತವನ್ನು ಇರಿಸಿದವನು ಇನ್ನೊಬ್ಬನಿಗೆ ಕಡತವನ್ನೇ ಕಳುಹಿಸಬೇಕಾಗಿಲ್ಲ; ಅದನ್ನು ತಲುಪುವ ಲಿಂಕನ್ನು ಕಳುಹಿಸಿದರೆ ಸಾಕು.

ಇದರಿಂದ ಎರಡು ಅನುಕೂಲಗಳಿವೆ. ಮೊದಲನೆಯದು, ಗಾತ್ರದ ತೊಡಕಿಲ್ಲ. ಜಿಮೇಲ್ ಮೂಲಕ ಲಗತ್ತಿಸಿ ಕಳುಹಿಸುವ ಕಡತಗಳು 25 ಎಂ.ಬಿ.ಯನ್ನು ಮೀರುವಂತಿಲ್ಲ, ಲಿಂಕಿಗೆ ಆ ಕಟ್ಟುಪಾಡಿಲ್ಲ. ಎರಡನೆಯದು ಇನ್ನೂ ಮುಖ್ಯವಾದುದು. ಲಗತ್ತಿಸಿ ಕಳುಹಿಸಿದ ಪಟ್ಟಿ ಐವರ ಕೈಯಲ್ಲಿ ಐದು ಪ್ರತಿಗಳಾಗುತ್ತದೆ. ಒಬ್ಬನು ತಿದ್ದಿದ್ದು ಮತ್ತೊಬ್ಬನಿಗೆ ತಿಳಿಯದು. ಕ್ಲೌಡಿನಲ್ಲಿಯಾದರೋ ಕಡತ ಒಂದೇ, ನೋಡುವವರು ಹಲವರು.

ಆದರೆ ಇಂತಹ ಹಂಚಿಕೆ ಸಂಸ್ಥೆಯ ಒಳಗಿನವರಲ್ಲಿ ನಡೆದಷ್ಟು ಸಲೀಸಾಗಿ ಹೊರಗಿನವರೊಡನೆ ನಡೆಯುವುದಿಲ್ಲ. ಈ ಸೀಮೆಯ ಒಂದು ತೆಂಗು ಬೆಳೆಗಾರರ ಸಂಘವನ್ನು ಊಹಿಸಿಕೊಳ್ಳಬಹುದು. ಸದಸ್ಯರು ಕೊಬ್ಬರಿಯನ್ನು ತಂದು ಸಂಘದ ಗೋದಾಮಿಗೆ ಒಪ್ಪಿಸಿದ್ದಾರೆ. ಖರೀದಿ ಪುಸ್ತಕವನ್ನು ಲೆಕ್ಕ ಪರಿಶೋಧಕರು ನೋಡಿ ಒಪ್ಪದ ಹೊರತು ಬ್ಯಾಂಕು ಸಾಲದ ಕಂತನ್ನು ಬಿಡುಗಡೆ ಮಾಡದು. ಬ್ಯಾಂಕಿನ ಹಣ ಬಾರದೆ ರೈತನ ಕೈಗೆ ದುಡ್ಡು ಸೇರದು. ಗುಮಾಸ್ತನು ಖರೀದಿ ಪುಸ್ತಕದ ಲಿಂಕನ್ನು ತುಮಕೂರಿನಲ್ಲಿರುವ ಪರಿಶೋಧಕರಿಗೆ ಕಳುಹಿಸಿದನು. ಸ್ವಲ್ಪ ಹೊತ್ತಿನಲ್ಲಿಯೇ ಅವರಿಂದ ಫೋನ್ ಬಂದಿತು: “ನಿಮ್ಮ ಕಡತ ತೆರೆಯುತ್ತಿಲ್ಲವಲ್ಲ. ಅನುಮತಿ ಬೇಕು ಎಂದು ತೋರಿಸುತ್ತಿದೆ.” ಪಕ್ಕದಲ್ಲಿದ್ದ ಕಾರ್ಯದರ್ಶಿಗಳು ತಾಳ್ಮೆಗೆಟ್ಟು, “ಲಿಂಕ್ ಇದ್ದವರೆಲ್ಲ ನೋಡುವ ಹಾಗೆ ಮಾಡಿಬಿಡಪ್ಪ, ಗೋಳು ಮುಗಿಯಲಿ” ಎಂದರು. ಗುಮಾಸ್ತನು, “ಸ್ವಲ್ಪ ತಾಳಿ ಸಾರ್, ಯಾವ ಬೀಗ ಹಾಕಿಕೊಂಡಿದೆಯೋ ನೋಡಿಬಿಡುತ್ತೇನೆ” ಎಂದನು.

ಗುಮಾಸ್ತನ ಮಾತಿನಲ್ಲಿ ವಿವೇಕವಿತ್ತು. ಹೊರಗಿನವನೊಬ್ಬನು ಕಡತವನ್ನು ತೆರೆಯಬೇಕಾದರೆ ಮೂರು ಬೀಗಗಳು ತೆರೆದಿರಬೇಕು: ಕಡತದ ಒಡೆಯನು ಹಾಕಿದ್ದು ಒಂದು, ಅವನ ಸಂಸ್ಥೆಯು ಹಾಕಿದ್ದು ಇನ್ನೊಂದು, ಪಡೆಯುವವನ ಕಡೆಯದು ಮತ್ತೊಂದು. ಯಾವುದು ಮುಚ್ಚಿದೆಯೆಂದು ತಿಳಿಯದೆ ಎಲ್ಲವನ್ನೂ ಕಿತ್ತೊಗೆಯುವುದು, ಬಲಿತಿದೆಯೇ ಎಂದು ತಿಳಿಯಲು ಕಾಯಿಯನ್ನೇ ಒಡೆದಂತೆ. ಪರದೆಯ ಮೇಲೆ ಬರುವ ವಾಕ್ಯವೇ ಇಲ್ಲಿ ಒಳಗಿನ ಸದ್ದು. ಅದನ್ನು ಮೊದಲು ಗಮನವಿಟ್ಟು ಓದಬೇಕು.

ಮೊದಲನೆಯ ಬೀಗ ಒಡೆಯನದು. ಅನುಮತಿಯು ಮನುಷ್ಯನಿಗೆ ಸೇರಿದುದಲ್ಲ, ಅವನ ಇಮೇಲ್ ವಿಳಾಸಕ್ಕೆ ಸೇರಿದುದು. ಒಬ್ಬರಿಗೇ ಕಚೇರಿಯದೊಂದು, ಸ್ವಂತದ್ದೊಂದು ವಿಳಾಸವಿರುವುದು ಸಾಮಾನ್ಯ. ಒಂದಕ್ಕೆ ಅನುಮತಿ ಕೊಟ್ಟು, ಅವರು ಇನ್ನೊಂದರಿಂದ ಪ್ರವೇಶಿಸಿದರೆ ಯಂತ್ರಕ್ಕೆ ಅವರು ಅಪರಿಚಿತರೇ ಸರಿ. ವಿಳಾಸದಲ್ಲಿ ಒಂದು ಅಕ್ಷರ ತಪ್ಪಿದರೂ ಫಲ ಅದೇ. ಲಿಂಕಿಗೆ ಗಡುವಿನ ದಿನಾಂಕವನ್ನು ಗೊತ್ತುಮಾಡಿದ್ದರೆ, ಆ ದಿನ ಕಳೆದ ಮೇಲೆ ಅದು ತೆರೆಯದು. ಕೊಟ್ಟ ಅನುಮತಿಯು ಓದುವುದಕ್ಕೆ ಮಾತ್ರವೋ, ಟಿಪ್ಪಣಿ ಬರೆಯುವುದಕ್ಕೋ, ತಿದ್ದುವುದಕ್ಕೋ ಎಂಬುದನ್ನೂ ನೋಡಬೇಕು. “ತೆರೆಯುತ್ತದೆ, ಆದರೆ ಬರೆಯಲಾಗುವುದಿಲ್ಲ” ಎಂಬ ದೂರಿಗೆ ಇದೇ ಕಾರಣವಾಗಿರುವುದುಂಟು. ಫೋಲ್ಡರಿನಲ್ಲಿರುವ ಕಡತವು ಫೋಲ್ಡರಿನ ಅನುಮತಿಯನ್ನು ಪಡೆದಿರುತ್ತದೆ. ಕಡತವನ್ನು ಅಲ್ಲಿಂದ ಬೇರೆಡೆಗೆ ಸರಿಸಿದಾಗ, ನಿನ್ನೆ ಓದುತ್ತಿದ್ದವನಿಗೆ ಇಂದು ಅದು ಕಾಣದೆ ಹೋಗಬಹುದು.

ಎರಡನೆಯ ಬೀಗ ಸಂಸ್ಥೆಯದು. ಸಂಸ್ಥೆಯ ಹೆಸರಿನಲ್ಲಿ ಪಡೆದ ಖಾತೆಗಳಿಗೆಲ್ಲ ಒಬ್ಬ ನಿರ್ವಾಹಕನಿರುತ್ತಾನೆ. ಹೊರಗಿನವರೊಡನೆ ಹಂಚಿಕೊಳ್ಳಬಹುದೇ, ಯಾವ ಯಾವ ಸಂಸ್ಥೆಗಳೊಡನೆ ಮಾತ್ರ ಹಂಚಿಕೊಳ್ಳಬಹುದು ಎಂಬುದನ್ನು ಅವನು ನಿಶ್ಚಯಿಸಬಲ್ಲನು. ಮೈಕ್ರೋಸಾಫ್ಟ್ ಸಂಸ್ಥೆಯ ಶೇರ್‌ಪಾಯಿಂಟ್ ಮತ್ತು ಒನ್‌ಡ್ರೈವ್‌ಗಳಲ್ಲಿ ಇದಕ್ಕೆ ನಾಲ್ಕು ಹಂತಗಳಿವೆ: ಲಿಂಕ್ ಇರುವ ಯಾರಾದರೂ ನೋಡಬಹುದು, ಹೊಸ ಅತಿಥಿಗಳೂ ಹಳೆಯ ಅತಿಥಿಗಳೂ ಗುರುತು ತೋರಿಸಿ ನೋಡಬಹುದು, ಈಗಾಗಲೇ ನೋಂದಾಯಿತರಾದ ಅತಿಥಿಗಳು ಮಾತ್ರ ನೋಡಬಹುದು, ಸಂಸ್ಥೆಯವರ ಹೊರತು ಯಾರೂ ನೋಡುವಂತಿಲ್ಲ. ಇಡೀ ಸಂಸ್ಥೆಗೆ ಗೊತ್ತುಮಾಡಿದ ಹಂತಕ್ಕಿಂತ ಹೆಚ್ಚು ಉದಾರವಾದ ಹಂತವನ್ನು ಅದರ ಒಂದು ವಿಭಾಗವು ಇಟ್ಟುಕೊಳ್ಳಲಾಗದು. ಹೆಬ್ಬಾಗಿಲು ಮುಚ್ಚಿರುವಾಗ ಒಳಕೋಣೆಯ ಬಾಗಿಲನ್ನು ತೆರೆದಿಟ್ಟು ಫಲವಿಲ್ಲ. ಇಂತಹ ಕಡೆ ಗುಮಾಸ್ತನು ಎಷ್ಟು ಸಲ ಲಿಂಕ್ ಕಳುಹಿಸಿದರೂ ವ್ಯರ್ಥ. ನಿರ್ವಾಹಕನಿಗೆ ಕಾರಣವನ್ನು ತಿಳಿಸಿ, ಬೇಕಾದಷ್ಟಕ್ಕೆ ಮಾತ್ರ ಅನುಮತಿ ಕೇಳುವುದೇ ದಾರಿ. ಆ ನಿಯಮದಿಂದ ತಪ್ಪಿಸಿಕೊಳ್ಳಲು ಸಂಘದ ಕಡತವನ್ನು ಸ್ವಂತ ಖಾತೆಗೆ ನಕಲು ಮಾಡಿ ಅಲ್ಲಿಂದ ಕಳುಹಿಸುವುದು ಸಲ್ಲದು. ಹಾಗೆ ಮಾಡಿದ ನೌಕರನು ಕೆಲಸ ಬಿಟ್ಟುಹೋದ ದಿನ ಆ ನಕಲೂ ಅವನೊಡನೆಯೇ ಹೋಗುತ್ತದೆ.

ಮೂರನೆಯ ಬೀಗ ಪಡೆಯುವವನ ಕಡೆಯದು. ಆಹ್ವಾನದ ಪತ್ರವು ಅವನ ಇಮೇಲಿನ ಸ್ಪ್ಯಾಮ್ ವಿಭಾಗಕ್ಕೆ ಬಿದ್ದು ಕಣ್ಣಿಗೆ ಬೀಳದಿರಬಹುದು. ಆ ಸೇವೆಯಲ್ಲಿ ಖಾತೆಯಿಲ್ಲದವನಿಗೆ ಗುಪ್ತಸಂಖ್ಯೆಯೊಂದನ್ನು ಇಮೇಲಿಗೆ ಕಳುಹಿಸಿ ಗುರುತು ಕೇಳುವ ಏರ್ಪಾಡುಂಟು. ಅದು ಅಲ್ಪಕಾಲ ಮಾತ್ರ ಊರ್ಜಿತವಾದುದರಿಂದ, ತಡಮಾಡಿದವನು ಹೊಸ ಸಂಖ್ಯೆಯನ್ನು ಕೇಳಬೇಕಾಗುತ್ತದೆ. ಬ್ಯಾಂಕು ಮೊದಲಾದ ಕೆಲವು ಕಚೇರಿಗಳು ತಮ್ಮ ಗಣಕಯಂತ್ರಗಳಲ್ಲಿ ಹೊರಗಿನ ಕ್ಲೌಡ್ ಸೇವೆಗಳನ್ನೇ ತಡೆಹಿಡಿದಿರುತ್ತವೆ. ಆಗ ತಪ್ಪು ಕಳುಹಿಸಿದವನದಲ್ಲ. ಪಡೆಯುವವನು ತನ್ನ ಕಚೇರಿಯನ್ನು ವಿಚಾರಿಸಬೇಕು. ಒಂದೇ ಬ್ರೌಸರಿನಲ್ಲಿ ಎರಡು ಮೂರು ಖಾತೆಗಳನ್ನು ತೆರೆದುಕೊಂಡಿದ್ದರೆ ಲಿಂಕ್ ಬೇರೊಂದು ಖಾತೆಯಿಂದ ತೆರೆಯಲೆತ್ನಿಸಿ ಸೋಲುವುದು ಸಾಮಾನ್ಯ. ಬ್ರೌಸರಿನ ಇನ್‌ಕಾಗ್ನಿಟೋ ಕಿಟಕಿಯಲ್ಲಿ, ಅನುಮತಿ ಪಡೆದ ಖಾತೆಯೊಂದರಿಂದಲೇ ಪ್ರವೇಶಿಸಿ ನೋಡಿದರೆ ಈ ಗೊಂದಲ ಪರಿಹಾರವಾಗುತ್ತದೆ.

ಸಂಘದ ಗುಮಾಸ್ತನು ಪರಿಶೋಧಕರನ್ನು ಕೇಳಿದ್ದು ಒಂದೇ ಪ್ರಶ್ನೆ: “ಆ ಪುಟದಲ್ಲಿ ಯಾವ ಇಮೇಲ್ ವಿಳಾಸ ಕಾಣುತ್ತಿದೆ, ಓದಿ ಸಾರ್.” ಅವರು ಓದಿದ್ದು ತಮ್ಮ ಸ್ವಂತ ವಿಳಾಸವನ್ನು, ಅನುಮತಿ ಇದ್ದುದು ಕಚೇರಿಯ ವಿಳಾಸಕ್ಕೆ. ಖಾತೆ ಬದಲಿಸಿದೊಡನೆ ಪುಸ್ತಕ ತೆರೆಯಿತು. ಯಾವ ಬಾಗಿಲನ್ನೂ ಲೋಕಕ್ಕೆಲ್ಲ ತೆರೆಯಬೇಕಾಗಲಿಲ್ಲ.

ತೆರೆದಿದ್ದರೆ ಆಗುತ್ತಿದ್ದುದೇನು? ಖರೀದಿ ಪುಸ್ತಕದಲ್ಲಿ ಬರಿಯ ಕೊಬ್ಬರಿಯ ತೂಕವಿರುವುದಿಲ್ಲ. ಸದಸ್ಯರ ಹೆಸರು, ಫೋನ್ ಸಂಖ್ಯೆ, ಬ್ಯಾಂಕಿನ ಖಾತೆ, ಜಮೀನಿನ ಸರ್ವೆ ನಂಬರು, ಕರ್ನಾಟಕದ ಫ್ರೂಟ್ಸ್ ವ್ಯವಸ್ಥೆಯ ಗುರುತಿನ ಸಂಖ್ಯೆ ಇವೆಲ್ಲ ಅದರಲ್ಲಿರುತ್ತವೆ. ಲಿಂಕ್ ಇದ್ದವರೆಲ್ಲರೂ ನೋಡಬಹುದೆಂದು ಗೊತ್ತುಮಾಡಿದ ಕಡತದ ಲಿಂಕನ್ನು ಒಬ್ಬನು ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದರೆ, ಗುಂಪಿನವರೆಲ್ಲ ಗುರುತು ತೋರಿಸದೆಯೇ ಓದಬಲ್ಲರು; ಅವರಲ್ಲೊಬ್ಬನು ಅದನ್ನು ಇನ್ನೊಂದು ಗುಂಪಿಗೆ ದಾಟಿಸಬಲ್ಲನು. ಅಕ್ಷರ ಬಾರದ ಮುದುಕಿಯೊಬ್ಬಳಿಗೆ ಬ್ಯಾಂಕಿನವನ ಸೋಗಿನಲ್ಲಿ ಫೋನ್ ಮಾಡುವ ವಂಚಕನು, ಅವಳ ಹೆಸರನ್ನೂ ಆಕೆ ಕೊಬ್ಬರಿ ಮಾರಿದ ಮೊತ್ತವನ್ನೂ ಸರಿಯಾಗಿ ಹೇಳಿದರೆ ಅವಳು ನಂಬದಿರುವುದೆಂತು? ಒಂದು ವರ್ಷ ಅಟ್ಟದಲ್ಲಿ ಕಾದ ಬೆಳೆಯ ಹಣ ಒಂದು ನಿಮಿಷದಲ್ಲಿ ಹೋಗುತ್ತದೆ. ವೈಯಕ್ತಿಕ ವಿವರಗಳನ್ನು ಇಟ್ಟುಕೊಂಡಿರುವವರು ಅವನ್ನು ತಕ್ಕ ಎಚ್ಚರಿಕೆಯಿಂದ ಕಾಪಾಡಬೇಕೆಂಬ ಹೊಣೆಯನ್ನು, 2023ರಲ್ಲಿ ಸಂಸತ್ತು ಅಂಗೀಕರಿಸಿದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯಲ್ಲಿಯೂ ಬರೆಯಲಾಗಿದೆ. ಆದರೆ ನಂಬಿ ವಿವರ ಕೊಟ್ಟವರ ವಿಷಯದಲ್ಲಿ ಈ ಹೊಣೆ ಕಾಯಿದೆಗಿಂತಲೂ ಹಳೆಯದು.

ಹಾಗೆಂದು ಹೊರಗಿನವರಿಗೆ ಏನನ್ನೂ ತೋರಿಸದೆ ಮುಚ್ಚಿಡುವುದೂ ಸರಿಯಲ್ಲ. ತೋರಿಸದ ಸರಕಿಗೆ ಗಿರಾಕಿಯಿಲ್ಲ. ಮಾರುಕಟ್ಟೆಯ ಟೆಂಡರಿನ ಕ್ರಮವೇ ಇಲ್ಲಿ ಒಳ್ಳೆಯ ನಿದರ್ಶನ. 2014ರಲ್ಲಿ ಕರ್ನಾಟಕವು ಕೃಷಿ ಮಾರುಕಟ್ಟೆಗಳಿಗಾಗಿ ಏಕೀಕೃತ ಆನ್‌ಲೈನ್ ವೇದಿಕೆಯನ್ನು ಆರಂಭಿಸಿತು. ಟೆಂಡರಿಗೆ ಬಂದ ಸರಕನ್ನು ವರ್ತಕರೆಲ್ಲರೂ ನೋಡಬಹುದು. ಆದರೆ ಒಬ್ಬನು ಬರೆದ ಬೆಲೆಯನ್ನು ಇನ್ನೊಬ್ಬನು ಟೆಂಡರು ಮುಗಿಯುವ ಮುನ್ನ ನೋಡುವಂತಿಲ್ಲ. ಯಾರಿಗೆ ಎಷ್ಟು ಕಾಣಬೇಕೋ ಅಷ್ಟೇ ಕಾಣುವುದರಿಂದ ವ್ಯಾಪಾರ ನ್ಯಾಯವಾಗಿ ನಡೆಯುತ್ತದೆ.

ಕಡತಗಳಿಗೂ ಇದೇ ನೀತಿ ಸಲ್ಲುತ್ತದೆ. ಪರಿಶೋಧಕರಿಗೆ ಬೇಕಾದುದು ಪೂರ್ಣ ಪುಸ್ತಕ. ದೆಹಲಿಯ ವರ್ತಕನಿಗೆ ಬೇಕಾದುದು ತೂಕ ಮತ್ತು ದರ್ಜೆ ಮಾತ್ರ. ಅವನಿಗಾಗಿ ಆ ಎರಡು ಅಂಕಣಗಳುಳ್ಳ ಬೇರೆ ಕಡತವನ್ನೇ ಮಾಡಬೇಕು. ಪೂರ್ಣ ಪುಸ್ತಕದಲ್ಲಿ ಬೇಡದ ಅಂಕಣಗಳನ್ನು ಮರೆಮಾಡಿ ಕಳುಹಿಸಿದರೆ ಸಾಲದು. ಮರೆಮಾಡಿದ್ದು ಅಳಿಸಿದಂತಲ್ಲ, ಪಡೆದವನು ನಕಲು ತೆಗೆದು ಅದನ್ನು ಮತ್ತೆ ಕಾಣಿಸಿಕೊಳ್ಳಬಲ್ಲನು. ಅನುಮತಿಯನ್ನು ಹೆಸರು ಹಿಡಿದು, ವಿಳಾಸವನ್ನು ಕೇಳಿ ಖಚಿತಪಡಿಸಿಕೊಂಡು ಕೊಡಬೇಕು. ಓದಿದರೆ ಸಾಕಾಗುವವನಿಗೆ ತಿದ್ದುವ ಅಧಿಕಾರ ಕೊಡಬಾರದು. ಸೇವೆಯಲ್ಲಿ ಅವಕಾಶವಿದ್ದರೆ ಗಡುವಿನ ದಿನಾಂಕವನ್ನೂ ಗೊತ್ತುಮಾಡಬೇಕು. ಲಿಂಕ್ ಕಳುಹಿಸುವ ಮುನ್ನ ಒಮ್ಮೆ ಹೊರಗಿನವನ ಕಣ್ಣಿನಿಂದ, ಸಂಘದ್ದಲ್ಲದ ಖಾತೆಯಿಂದ, ಅದನ್ನು ತೆರೆದು ನೋಡುವುದು ಒಳ್ಳೆಯ ಅಭ್ಯಾಸ. ತೆರೆಯಬಾರದ್ದು ತೆರೆದರೆ ಆಗಲೇ ಗೊತ್ತಾಗುತ್ತದೆ.

ಇಷ್ಟೆಲ್ಲ ಮಾಡಿದವರೂ ಕೊನೆಯದೊಂದು ಕೆಲಸವನ್ನು ಮರೆಯುವುದುಂಟು. ಲೆಕ್ಕ ತಪಾಸಣೆ ಮುಗಿಯುತ್ತದೆ, ಕೊಬ್ಬರಿ ರವಾನೆಯಾಗುತ್ತದೆ, ಹಣ ಸಂದಾಯವಾಗುತ್ತದೆ. ಆದರೆ ಕೊಟ್ಟ ಅನುಮತಿಗಳು ಹಾಗೆಯೇ ಉಳಿದಿರುತ್ತವೆ. ಎರವಲು ಕೊಟ್ಟ ಬೀಗದ ಕೈಯನ್ನು ಕೆಲಸ ತೀರಿದ ಮೇಲೆ ಹಿಂದಕ್ಕೆ ಪಡೆಯುವುದು ಅಪನಂಬಿಕೆಯಲ್ಲ, ಕ್ರಮ. ವರ್ಷಾಂತ್ಯದಲ್ಲಿ ಸಂಘವು ಗೋದಾಮಿನ ದಾಸ್ತಾನನ್ನು ಎಣಿಸುವಂತೆಯೇ, ಯಾವ ಕಡತ ಯಾರಿಗೆ ತೆರೆದಿದೆಯೆಂಬುದನ್ನೂ ಎಣಿಸಿ, ಬೇಡದವನ್ನು ಮುಚ್ಚಬೇಕು. ಸದಸ್ಯನು ಸಂಘಕ್ಕೆ ಕೊಬ್ಬರಿಯೊಡನೆ ತನ್ನ ಹೆಸರನ್ನೂ ವಿವರವನ್ನೂ ಒಪ್ಪಿಸಿದ್ದಾನೆ. ಕೊಬ್ಬರಿಗೆ ರಸೀತಿ ಕೊಟ್ಟವರು ಅವನ ವಿವರಗಳಿಗೂ ಲೆಕ್ಕ ಒಪ್ಪಿಸಬಲ್ಲವರಾಗಿರಬೇಕು.