ಬೆಟ್ಟಕ್ಕೆ ರಸ್ತೆ ಬೇಕೆ?

ಪ್ರಶ್ನೆ: ಬೆಟ್ಟದಪುರದ ಸಿಡಿಲು ಮಲ್ಲಿಕಾರ್ಜುನನ ಬೆಟ್ಟ ನಮ್ಮೂರಿನ ಹೆಮ್ಮೆ. ಆದರೆ ದೂರದಿಂದ ಬಂದು ಹತ್ತುವವರು ಕಡಿಮೆ. ತುದಿಯವರೆಗೆ ರಸ್ತೆ ಮಾಡಿಸಿದರೆ ಜನ ಬರುತ್ತಾರಲ್ಲವೇ ಸರ್?
– ಓದುಗರು, ಪಿರಿಯಾಪಟ್ಟಣ ತಾಲ್ಲೂಕು

ಉತ್ತರ: ಬರುತ್ತಾರೆ, ಅರ್ಧ ಗಂಟೆ ಇದ್ದು ಹೋಗುತ್ತಾರೆ. ನಡೆಯಲೆಂದೇ ಬರುವವರಿಗೆ ಕಾರು ತಲುಪದ ತುದಿಯೇ ದೊಡ್ಡ ಆಕರ್ಷಣೆ. ಚಾಮುಂಡಿ ಬೆಟ್ಟವನ್ನೇ ನೋಡಿ. ಮೇಲೆ ವಾಹನಗಳ ಗದ್ದಲ ಎಷ್ಟಿದ್ದರೂ ಹಳೆಯ ಸಾವಿರ ಮೆಟ್ಟಿಲು ಹತ್ತುವವರು ಇಂದಿಗೂ ಇದ್ದಾರೆ. ಬೆವರು ಸುರಿಸಿ ಏಳುನೂರು ಮೆಟ್ಟಿಲು ಏರಿದ ಮೇಲೆ ಎದುರಾಗುವ ನಂದಿಯ ದರ್ಶನವೇ ಬೇರೆ. ದಾರಿ ನಡುನಡುವೆ ಹೀಗೆ ಏನಾದರೂ ಕೊಡುತ್ತಿರಬೇಕು.

ನಿಮ್ಮ ಬೆಟ್ಟಕ್ಕೆ ಆ ಗುಣ ಹುಟ್ಟಿನಿಂದಲೇ ಇದೆ. ನಾಲ್ಕು ಸಾವಿರ ಅಡಿಗೂ ಮಿಗಿಲಾದ ಎತ್ತರ, ಸುತ್ತಲೂ ಹೊಲಗದ್ದೆ. ಹೊಗೆಸೊಪ್ಪಿನ ಕಾಲದಲ್ಲಿ ಎಲೆ ಹದಮಾಡುವ ಬ್ಯಾರನ್‌ಗಳಿಂದ ಏಳುವ ಹೊಗೆ, ಒಂದು ಮಗ್ಗುಲಲ್ಲಿ ಹೊಳೆಯುವ ಕೆರೆಗಳು, ಪಡುವಣಕ್ಕೆ ಕೊಡಗಿನ ಬೆಟ್ಟಸಾಲು: ಇಡೀ ಸೀಮೆಯ ಬದುಕು ಮೇಲಿನಿಂದ ಕಾಣುತ್ತದೆ. ಪ್ರಯಾಣ ಮಾಡಿ ಬರಲು ಇದಕ್ಕಿಂತ ಒಳ್ಳೆಯ ಕಾರಣ ನನಗೆ ತೋಚುವುದಿಲ್ಲ.

ಪಂಚಾಯಿತಿಯವರನ್ನು ಕೇಳಬೇಕಾದದ್ದು ಬೇರೆಯೇ ಇದೆ. ಬುಡದಲ್ಲಿ ಕುಡಿಯುವ ನೀರು, ದಿನವೂ ತೊಳೆಯುವ ಶೌಚಾಲಯ, ಇನ್ನೆಷ್ಟು ಮೆಟ್ಟಿಲಿದೆ ಎಂದು ತಿಳಿಸುವ ಕನ್ನಡದ ಫಲಕ. ಹೆಣ್ಣುಮಕ್ಕಳು ಮನೆಮಂದಿಯ ಜೊತೆ ನೆಮ್ಮದಿಯಿಂದ ಬಂದುಹೋಗುವಂತಿದ್ದರೆ ಬೆಟ್ಟದ ಹೆಸರು ತಾನಾಗಿ ಹಬ್ಬುತ್ತದೆ. ಬರುವವರಿಗೆ ನಸುಕಿನಲ್ಲೇ ಹೊರಡಲು ಹೇಳಿ. ಬಿಸಿಲೇರಿದರೆ ಬಂಡೆ ಕಾದು ಕಾಲಿಡಲಾಗದು.

ಪ್ರಶ್ನೆ: ಎಚ್.ಡಿ. ಕೋಟೆ ಕಡೆ ಕಬಿನಿ ಹಿನ್ನೀರಿನಂಚಿನ ಕಾಡಿನಲ್ಲಿ ಗೆಳೆಯರೆಲ್ಲ ಸೇರಿ ನಡೆಯಬಹುದೇ?
– ಓದುಗರು, ಮೈಸೂರು

ಉತ್ತರ: ಖಂಡಿತ ಬೇಡ. ಅದು ನಾಗರಹೊಳೆಯ ಹುಲಿ, ಆನೆಗಳ ನೆಲೆ. ಬೇಸಿಗೆಯಲ್ಲಿ ಆನೆಹಿಂಡುಗಳು ಆ ಹಿನ್ನೀರಿಗೇ ಇಳಿಯುತ್ತವೆ. ಅನುಮತಿಯಿಲ್ಲದೆ ಒಳಹೊಕ್ಕರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಕಾಡು ನೋಡಲೇಬೇಕೆಂದರೆ ಅರಣ್ಯ ಇಲಾಖೆಯ ಸಫಾರಿಗೆ ಹೋಗಿ.

ಕಾಲಿಗೆ ಕೆಲಸ ಬೇಕಿದ್ದರೆ ಕೆ.ಆರ್. ನಗರದ ಕಡೆ ತಿರುಗಿ, ಮಳೆಗಾಲದಲ್ಲಿ ಚುಂಚನಕಟ್ಟೆಗೆ ಬನ್ನಿ. ನಡಿಗೆ ಚಿಕ್ಕದು, ಆದರೆ ಕಾವೇರಿ ಧುಮುಕುವ ಸದ್ದು ಜೊತೆಗಿರುತ್ತದೆ. ಕೋದಂಡರಾಮನ ಗುಡಿಯಲ್ಲಿ ಸೀತೆ ರಾಮನ ಬಲಕ್ಕೆ ನಿಂತಿದ್ದಾಳೆ, ಗಮನಿಸಿ ನೋಡಿ. ಫೋಟೊದ ಆಸೆಗೆ ಜಲಪಾತದ ಬಂಡೆಗಳ ಮೇಲೆ ಮಾತ್ರ ಇಳಿಯಬೇಡಿ. ಪಾಚಿ ಕಟ್ಟಿದ ಕಲ್ಲು ಜಾರುತ್ತದೆ, ಮಳೆಗಾಲದ ಹೊಳೆ ಯಾವ ಹೊತ್ತಿನಲ್ಲಾದರೂ ಏರುತ್ತದೆ.